ತೋಟಕ್ಕೆ ನಾಲ್ಕು ಪಾಲು, ತೇರ್ಸಿಗೆ ವಾರಸುದಾರ ಯಾರು?

ಮನೆಯ ಹಿರಿಯ ಕಣ್ಣು ಮುಚ್ಚಿ ತಿಂಗಳ ಪೂಜೆ ಮುಗಿಯುವುದರೊಳಗೆ ಪಾಲಿನ ಮಾತು ಏಳುವುದು ಯಾವ ಜಾತಿಯವರಿಗೂ ಹೊಸತಲ್ಲ. ಜಿಲ್ಲೆಯ ಕೆಥೊಲಿಕರ ಮನೆಗಳಲ್ಲೂ ಅಷ್ಟೇ. ಅಡಿಕೆ ತೋಟ ಯಾರಿಗೆ, ರಸ್ತೆ ಬದಿಯ ಹತ್ತು ಸೆಂಟ್ಸ್ ಯಾರಿಗೆ, ಬಾಯಮ್ಮನ ಕೊರಳಿನ ಚಿನ್ನ ಯಾರಿಗೆ? ಇದಕ್ಕೆಲ್ಲ ವಕೀಲರುಂಟು, ಸರ್ವೆಯವರುಂಟು, ಮಾತು ಬಿಟ್ಟ ಅಣ್ಣತಮ್ಮಂದಿರೂ ಉಂಟು. ಪಾಲುಪಟ್ಟಿಯಲ್ಲಿ ಬರೆಯದೆ ಬಿಟ್ಟುಹೋಗುವ ಸೊತ್ತು ಒಂದೇ. ಚಾವಡಿಯ ಗೋಡೆಯಲ್ಲಿರುವ ಆಲ್ತಾರ್, ಅದರ ಮುಂದೆ ಅರವತ್ತು ವರ್ಷ ಸಂಜೆ ಸಂಜೆ ನಡೆದುಕೊಂಡು ಬಂದ ತೇರ್ಸ್. ಅದು ನನ್ನ ಪಾಲಿಗೆ ಬರಬೇಕು ಅಂತ ಕೋರ್ಟಿಗೆ ಹೋದವರ ಸುದ್ದಿ ಈ ಜಿಲ್ಲೆಯಲ್ಲಿ ಇದುವರೆಗೆ ಕೇಳಿಬಂದಿಲ್ಲ.

ತೇರ್ಸ್ ಅಂದರೆ ಜಪಸರ. ಪೋರ್ಚುಗೀಸರ ಮಾತಿನಿಂದ ಕೊಂಕಣಿಗೆ ಬಂದು ಉಳಿದ ಶಬ್ದ. ಕೆಥೊಲಿಕರ ಮನೆಯ ನೆರೆಕರೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಗರ್ಜಿಯಲ್ಲಿ ಆಮೊರಿ ಗಂಟೆ ಬಾರಿಸಿತೋ, ಅಂಗಳದಲ್ಲಿ ಆಡುವ ಮಕ್ಕಳು ಕೈಕಾಲು ತೊಳೆದು ಒಳಗೆ. ಆಲ್ತಾರಿನ ಎದುರು ಮೊಣಕಾಲೂರಿ ಐದು ಹತ್ತುಗಳ ಜಪ. ಮೇಲಿಂದ ಲದಿನ್, ಸತ್ತವರಿಗೆ ಒಂದು, ಬೊಂಬಾಯಿಯಲ್ಲಿರುವ ಮಗನಿಗೆ ಒಂದು, ಕಾಯಿಲೆ ಬಿದ್ದ ನೆರೆಮನೆಯವರಿಗೆ ಒಂದು. ಅಜ್ಜಿಯ ಪಟ್ಟಿ ಮುಗಿಯುವುದೇ ಇಲ್ಲ. ಹಿಂದಿನ ಸಾಲಿನಲ್ಲಿ ತೂಕಡಿಸುವವನ ಬೆನ್ನಿಗೆ ಒಂದು ಗುದ್ದು. ಎಲ್ಲ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈ ಜೋಡಿಸಿ 'ಬೆಸಾಂವ್' ಕೇಳಬೇಕು. ಅಂದರೆ ಆಶೀರ್ವಾದ. ಮೊದಲು ಅಜ್ಜ, ಆಮೇಲೆ ಅಜ್ಜಿ, ಆಮೇಲೆ ಅಪ್ಪ, ಅಮ್ಮ. ಮಧ್ಯಾಹ್ನ ಅಪ್ಪನ ಕೈಯಲ್ಲಿ ಪೆಟ್ಟು ತಿಂದವನೂ ಸಂಜೆ ಅದೇ ಕೈಯ ಬೆಸಾಂವ್ ಪಡೆಯದೆ ಗಂಜಿಗೆ ಕೂರುವ ಹಾಗಿಲ್ಲ.

ಇಷ್ಟೇ. ಇದಕ್ಕೆ ಫಾದರ್ ಬೇಡ, ಕಟ್ಟಡ ಬೇಡ, ದುಡ್ಡು ಬೇಡ. ಕ್ರೈಸ್ತರು ಮುಂದಿನ ತಲೆಗೆ ಬಿಟ್ಟುಹೋದದ್ದು ಏನು ಅಂತ ಕೇಳಿದರೆ ಜನ ಕೂಡಲೇ ತೋರಿಸುವುದು ಕಟ್ಟಡಗಳನ್ನು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು, ಅದೇ ವರ್ಷ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಔಷಧ ದಾನ, ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳು. ಅದೆಲ್ಲ ದೊಡ್ಡದೇ, ಇಲ್ಲವೆನ್ನುವವರು ಯಾರು? ಆದರೆ ಆ ಕಾಲೇಜಿನಲ್ಲಿ ಓದಿದವರಲ್ಲಿ ಎಲ್ಲ ಮತದವರೂ ಉಂಟು, ಆ ಆಸ್ಪತ್ರೆಯ ಮದ್ದು ಕುಡಿದು ಯಾರೂ ಕ್ರೈಸ್ತರಾಗಿ ಉಳಿದದ್ದಲ್ಲ. ಕ್ರೈಸ್ತರನ್ನು ಕ್ರೈಸ್ತರಾಗಿ ಉಳಿಸಿದ್ದು ಚಾವಡಿಯ ಸಂಜೆ. ಇದು ಸುಮ್ಮನೆ ಆಡುವ ಮಾತಲ್ಲ. ಇತಿಹಾಸದಲ್ಲಿ ಒಮ್ಮೆ ಪರೀಕ್ಷೆ ಆಗಿ ಪಾಸಾದ ಸಂಗತಿ.

ಹದಿನೈದು ವರ್ಷ ಇಗರ್ಜಿ ಇಲ್ಲದೆ

ಮಂಗಳೂರಿನ ಕೆಥೊಲಿಕರ ಹಿರಿಯರು ಹೆಚ್ಚಿನವರೂ ಗೋವೆಯಿಂದ ಬಂದವರು. 1560ರಲ್ಲಿ ಅಲ್ಲಿ ಶುರುವಾದ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಕಾಟ, ಬರಗಾಲ, ತೆರಿಗೆ, ಮರಾಠರ ದಂಡು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ನಡೆದರು. ಗೇಯ್ಮೆ ಬಲ್ಲ ಜನ ಎಂದು ಕೆಳದಿಯ ನಾಯಕರು ಭೂಮಿ ಕೊಟ್ಟು ಕೂರಿಸಿದರು. 1568ರಲ್ಲಿ ರೊಜಾರಿಯೊ, 1680ರಲ್ಲಿ ಮಿಲಾಗ್ರಿಸ್, ಹೀಗೆ ಇಗರ್ಜಿಗಳೂ ಎದ್ದವು.

1784ರಲ್ಲಿ ಎಲ್ಲಕ್ಕೂ ಕುತ್ತು ಬಂತು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ? ಒಬ್ಬೊಬ್ಬರದು ಒಂದೊಂದು ಲೆಕ್ಕ. 30 ಸಾವಿರ ಎನ್ನುವವರಿದ್ದಾರೆ, 60 ಸಾವಿರ ಎನ್ನುವವರಿದ್ದಾರೆ, 80 ಸಾವಿರಕ್ಕೆ ಏರಿಸುವವರೂ ಇದ್ದಾರೆ. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು. ಇಗರ್ಜಿಗಳು ನೆಲಸಮವಾದವು. ಈ ವಿಷಯ ಎತ್ತಿದರೆ ಸಾಕು, ಇವತ್ತು ಟಿಪ್ಪು ಪರ, ಟಿಪ್ಪು ವಿರೋಧ ಅಂತ ಎರಡು ಪಂಗಡ ಎದ್ದು ಕಿತ್ತಾಡಲು ತಯಾರು. ಸೆರೆ ಹೋದವರ ಮಕ್ಕಳು ಮೊಮ್ಮಕ್ಕಳನ್ನು ಕೇಳುವವರು ಯಾರೂ ಇಲ್ಲ. ಅದಿರಲಿ, ಆ ಜಗಳ ಇಲ್ಲಿ ಬೇಡ.

ಇಲ್ಲಿ ಬೇಕಾದ ಪ್ರಶ್ನೆ ಬೇರೆ. 1784ರಿಂದ, ಟಿಪ್ಪು ಮಡಿದ 1799ರವರೆಗೆ ಹದಿನೈದು ವರ್ಷ. ಇಗರ್ಜಿ ಇಲ್ಲ, ಪೂಜೆ ಇಲ್ಲ, ಪುಸ್ತಕ ಇಲ್ಲ. ಅನೇಕರಿಗೆ ಬಲವಂತದ ಮತಾಂತರವೂ ಆಯಿತು. ಸೆರೆಯಲ್ಲಿ ಹುಟ್ಟಿದ ಮಗು ಹದಿನೈದು ವರ್ಷದ ಹುಡುಗನಾಗುವವರೆಗೆ ಇಗರ್ಜಿಯ ಬಾಗಿಲನ್ನೇ ಕಂಡಿಲ್ಲ. ಆದರೆ 1799ರ ನಂತರ ಉಳಿದವರು ಘಟ್ಟ ಇಳಿದು ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಬಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದ್ದು. ಆ ಹುಡುಗನಿಗೆ ಜಪ ಕಲಿಸಿದವರು ಯಾರು? ಬಾಯಿಪಾಠ ಬರುತ್ತಿದ್ದ ತಾಯಿ, ಅಜ್ಜಿ. ಮತ್ತೆ ಯಾರಿದ್ದರು ಅಲ್ಲಿ?

ಆ ಬಾಯಿಪಾಠದ ಹಿಂದೆ ಒಂದು ದೊಡ್ಡ ಗ್ರಂಥದ ಬೆಂಬಲವೂ ಇತ್ತು. ಇಂಗ್ಲೆಂಡಿನಿಂದ ಗೋವೆಗೆ ಬಂದ ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ನಮ್ಮ ಪುರಾಣಗಳ ಧಾಟಿಯಲ್ಲೇ, ಮರಾಠಿ ಓವಿಗಳಲ್ಲಿ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಅದೇ ಪಾದ್ರಿ ಬರೆದ ಕೊಂಕಣಿಯ ಧರ್ಮಬೋಧೆ ಅಚ್ಚಾದದ್ದು 1622ರಲ್ಲಿ. ಕ್ರಿಸ್ತಪುರಾಣವನ್ನು ಮಂಗಳೂರಿನ ಮನೆಗಳಲ್ಲಿ ಕೈಬರಹದಲ್ಲಿ ಇಟ್ಟುಕೊಂಡು ಓದುತ್ತಿದ್ದರು, ಸೆರೆಯಲ್ಲಿದ್ದವರಿಗೂ ಅದರ ಓವಿಗಳೇ ಸಮಾಧಾನ ಕೊಟ್ಟವು ಎಂಬ ಹೇಳಿಕೆ ಉಂಟು. 1907ರಲ್ಲಿ ಜೆ. ಎಲ್. ಸಲ್ಡಾನ್ಹ ಎಂಬವರು ಆ ಗ್ರಂಥವನ್ನು ಮತ್ತೆ ಅಚ್ಚು ಹಾಕಿಸಿದ್ದು ಇದೇ ಮಂಗಳೂರಿನಲ್ಲಿ. ಕೈಬರಹ ಸಿಕ್ಕಿದ್ದೂ ಇಲ್ಲಿಯ ಮನೆಗಳಲ್ಲಿ. ಮುನ್ನೂರು ವರ್ಷ ಒಂದು ಹೊತ್ತಗೆಯನ್ನು ಗೆದ್ದಲಿಗೆ ಕೊಡದೆ ಕಾಪಾಡಿದ್ದು ಲೈಬ್ರರಿಯಲ್ಲ, ಮಾರಾಯ್ರೆ, ಮನೆ.

ಇನ್ನೊಂದು ಸಂಗತಿ ಇಂದಿನ ಹುಡುಗರಿಗೆ ಗೊತ್ತಿರಲಾರದು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೇ ವಾಟಿಕನ್ ಮಹಾಸಭೆಯವರೆಗೆ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಗುರುಗಳು ಬೆನ್ನು ಹಾಕಿ ನಿಂತು ಏನೋ ಹೇಳುತ್ತಿದ್ದರು, ಜನ ಎದ್ದು ಕೂತು ಮಾಡುತ್ತಿದ್ದರು. ಗದ್ದೆ ಕೆಲಸದ ಹೆಂಗಸಿಗೆ ಅರ್ಥವಾಗುವ ಭಾಷೆಯಲ್ಲಿ ದೇವರ ಹತ್ತಿರ ಮಾತಾಡುವ ಜಾಗ ಮನೆಯ ತೇರ್ಸ್ ಒಂದೇ. ಆ ಕೊಂಕಣಿ ಕನ್ನಡ ಲಿಪಿಯಲ್ಲಿ ಬಂತು. 1912ರಲ್ಲಿ ಲುವಿಸ್ ಮಸ್ಕರೇನ್ಹಸರ 'ಕೊಂಕಣಿ ದಿರ್ವೆಂ', 1938ರಲ್ಲಿ ಧರ್ಮಪ್ರಾಂತ್ಯದ ವಾರಪತ್ರಿಕೆ 'ರಾಕ್ಣೊ'. ಕನ್ನಡ ಶಾಲೆಯ ಮೂರನೇ ಕ್ಲಾಸು ಓದಿದ ಬಾಯಮ್ಮನೂ ಅಕ್ಷರ ಕೂಡಿಸಿ ಓದುವಂತಾದದ್ದು ಹಾಗೆ.

ತೆನೆಯ ಲೆಕ್ಕ

ತೇರ್ಸ್ ದಿನದ್ದಾದರೆ ಮೊಂತಿ ಹಬ್ಬ ವರ್ಷದ್ದು. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಜಿಲ್ಲೆಯ ಬೇರೆಯವರು ತೆನೆಹಬ್ಬ ಎನ್ನುವುದು ಇದನ್ನೇ. ಫರಂಗಿಪೇಟೆಯ ನೇತ್ರಾವತಿ ದಂಡೆಯ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದ ಎಂಬ ಗೋವೆಯ ಗುರುಗಳು 1763ರಲ್ಲಿ ಶುರು ಮಾಡಿದ್ದು ಎಂಬುದು ಪ್ರತೀತಿ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನಿಗೆ ಸುರಿಯುತ್ತಾರೆ. ಹೂವಿಗಾಗಿ ನೆರೆಮನೆಯ ಬೇಲಿ ಹಾರುವುದೂ ಆ ಭಕ್ತಿಯಲ್ಲೇ ಸೇರಿದೆ. ಹಬ್ಬದ ದಿನ ಭತ್ತದ ತೆನೆಗೆ ಆಶೀರ್ವಾದ, ಮೆರವಣಿಗೆ, ಮಕ್ಕಳಿಗೆ ಕಬ್ಬು. ಮನೆಗೆ ತಂದ ತೆನೆಯನ್ನು ಆಲ್ತಾರಿನಲ್ಲಿಟ್ಟು, ಒಂದಿಷ್ಟು ಕಾಳು ಸುಲಿದು ಪುಡಿ ಮಾಡಿ, ಹಾಲಿನಲ್ಲೋ ತೆಂಗಿನ ಹಾಲು ಬೆಲ್ಲದಲ್ಲೋ ಕಲಸಿ ಹಿರಿಯರು ಹಂಚುತ್ತಾರೆ. ಅದು ನೊವೆಂ. ಆಮೇಲೆ ಬಾಳೆಲೆಯಲ್ಲಿ ತರಕಾರಿ ಊಟ. ಪದಾರ್ಥಗಳ ಲೆಕ್ಕ ಮೂರು, ಐದು, ಏಳು ಹೀಗೆ ಬೆಸವೇ ಆಗಬೇಕು. ಕೆಸುವಿನ ದಂಟಿಗೆ ಅಂಬಡೆ ಬಿದ್ದಿರಲೇಬೇಕು.

ತುಳುವರು ಕೊರಲು ಕಟ್ಟಿ ಪುದ್ದಾರ್ ಉಣ್ಣುತ್ತಾರೆ, ಕೊಡವರು ಪುತ್ತರಿಗೆ ಕದಿರು ತರುತ್ತಾರೆ. ಹೊಸ ಅಕ್ಕಿಯ ಈ ಸಂಭ್ರಮ ಗೋವೆಯಲ್ಲಿ ಮತ ಬದಲಾಗುವ ಮೊದಲಿನದು. ಇಂಥ ಹಳೆಯ ಪದ್ಧತಿಗಳನ್ನು ಬಿಡಿಸಬೇಕೆಂದೇ 1736ರಲ್ಲಿ ಗೋವೆಯ ಧರ್ಮವಿಚಾರಣೆಯವರು ಉದ್ದದ ಆಜ್ಞೆ ಹೊರಡಿಸಿದರು. ಆಜ್ಞೆ ದಫ್ತರದಲ್ಲಿ ಉಳಿಯಿತು, ಹೊಸ ಅಕ್ಕಿ ಎಲೆಯ ಮೇಲೆ ಉಳಿಯಿತು. ಅಜ್ಜಿಯಂದಿರು ಯಾರ ಆಜ್ಞೆಯನ್ನೂ ಪೂರ್ತಿ ಕೇಳಿದವರಲ್ಲ.

ನೊವೆಂನಲ್ಲಿ ಮುಖ್ಯವಾದದ್ದು ಕಾಳಲ್ಲ, ಲೆಕ್ಕ. ಮನೆಯವರು ಎಷ್ಟು ಮಂದಿ, ಯಾರು ಇದ್ದಾರೆ, ಯಾರು ಇಲ್ಲ ಎಂದು ವರ್ಷಕ್ಕೊಮ್ಮೆ ಎಣಿಸುವ ದಿನ ಅದು. ಸಿಟ್ಟು ಮಾಡಿಕೊಂಡು ಬೇರೆ ಬಿಡಾರ ಹೂಡಿದ ಮಗನೂ ಅಂದು ತಾಯಿಮನೆಗೆ ಬರಬೇಕು. ಬೊಂಬಾಯಿಗೋ ಗಲ್ಫಿಗೋ ಹೋದವನ ಪಾಲಿನ ಕಾಳು ಪತ್ರದ ಜೊತೆ ಲಕೋಟೆಯಲ್ಲಿ ಹೋಗುತ್ತಿತ್ತು. ಕುವೈಟಿನ ಕ್ಯಾಂಪಿನಲ್ಲಿ ನಾಲ್ಕು ಕಾಳು ಭತ್ತ ಕೈಗೆ ಬಿದ್ದಾಗ ಏನಾಗುತ್ತಿತ್ತು ಅನ್ನುವುದನ್ನು ಹೋಗಿ ಬಂದವರೇ ಹೇಳಬೇಕು.

ತಿರುಗಿದ ಚಕ್ರ

ಈಗ ನೋಡಿ. ಇಗರ್ಜಿಗಳು ಹಿಂದೆಂದೂ ಇಲ್ಲದಷ್ಟು ಚಂದವಾಗಿವೆ. 1886ರಲ್ಲಿ ಆದ ಮಂಗಳೂರು ಧರ್ಮಪ್ರಾಂತ್ಯ ಬೆಳೆದು, 2012ರಲ್ಲಿ ಉಡುಪಿಗೆ ಬೇರೆಯೇ ಬಿಷಪರು ಬಂದರು. ಗ್ರಾನೈಟ್ ನೆಲ, ಒಳ್ಳೆಯ ಮೈಕು, ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಕಿದ ಅಂಗಳ. ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ಪರೀಕ್ಷೆ, ಬಹುಮಾನ. ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ಸಂಜೆ ಏಳಕ್ಕೆ ಹಳ್ಳಿಯ ವಾಡೊಗಳಲ್ಲಿ ಒಂದು ಸುತ್ತು ಹೋದರೆ ವಿಷಯ ಗೊತ್ತಾಗುತ್ತದೆ. ಎರಡು ಮಹಡಿ, ಐದು ಕೋಣೆ, ಗೇಟಿಗೆ ಬೀಗ. ಒಳಗೆ ಇಬ್ಬರು ಮುದುಕರು, ಒಂದು ನಾಯಿ. ಕೆಲವು ಮನೆಯಲ್ಲಿ ಇಬ್ಬರೂ ಇಲ್ಲ, ಒಬ್ಬರೇ. ತೇರ್ಸಿಗೆ ಒಬ್ಬರು ಹೇಳಬೇಕು, ಉಳಿದವರು ಉತ್ತರ ಕೊಡಬೇಕು. ಒಬ್ಬರೇ ಇರುವ ಮನೆಯಲ್ಲಿ ಆ ಬಾಯಮ್ಮನೇ ಹೇಳಿ ಆ ಬಾಯಮ್ಮನೇ ಉತ್ತರ ಕೊಟ್ಟುಕೊಳ್ಳುತ್ತಾರೆ.

ಆಗ ಇಗರ್ಜಿ ಇರಲಿಲ್ಲ, ಮನೆ ತುಂಬ ಜನ ಇದ್ದರು. ಈಗ ಇಗರ್ಜಿ ಉಂಟು, ಮನೆಯಲ್ಲಿ ಜನ ಇಲ್ಲ. ಸುಲ್ತಾನನಿಂದಲೂ ಆಗದ ಕೆಲಸವನ್ನು ವೀಸಾ ಮಾಡಿದೆ ಎಂದರೆ ಹೊರಗಿರುವ ಮಕ್ಕಳಿಗೆ ಸಿಟ್ಟು ಬಂದೀತು. ಅವರ ತಪ್ಪೇನು? ಇಲ್ಲಿ ದುಡಿಮೆ ಇದ್ದಿದ್ದರೆ ಮರುಭೂಮಿಗೆ ಯಾರು ಹೋಗುತ್ತಿದ್ದರು? ಕಳಿಸಿದವರೂ ಹಿರಿಯರೇ. ಹೊಳೆಬದಿಯ ಗದ್ದೆ ಮಾರಿ ಟಿಕೆಟು ತೆಗೆಸಿದ ಅಪ್ಪಂದಿರು ಈಗ ಮಗ ಬರುವುದಿಲ್ಲ ಅಂತ ಗುರ್ಕಾರರ ಹತ್ತಿರ ಹೇಳಿಕೊಂಡರೆ ಅವರಾದರೂ ಏನು ಮಾಡಿಯಾರು? ಗುರ್ಕಾರ ಅಂದರೆ ವಾಡೊದ ಮುಖಂಡ. ಹಿಂದೆ ಮದುವೆ ಮಾತುಕತೆ, ಜಗಳ ತೀರ್ಮಾನ ಎಲ್ಲಕ್ಕೂ ಅವರೇ. ಅವರಿಗೂ ಈಗ ವಯಸ್ಸಾಗಿದೆ.

ಪರದೇಶದಲ್ಲಿರುವವರೂ ಕೈಬಿಟ್ಟಿಲ್ಲ ಎನ್ನಿ. ದುಬೈ, ಕುವೈಟ್, ದೋಹಾ, ಮಸ್ಕತ್‌ಗಳಲ್ಲಿ ಮಂಗಳೂರಿಗರು ಸೇರಿ ಮೊಂತಿ ಹಬ್ಬ ಮಾಡುತ್ತಾರೆ. ಮೊಬೈಲಿನಲ್ಲಿ ಮುಖ ನೋಡಿಕೊಂಡು ತೇರ್ಸ್ ಹೇಳುವ ಮನೆಗಳೂ ಉಂಟು. ಆದರೆ ಇಲ್ಲಿ ಏಳಾದಾಗ ದುಬೈಯಲ್ಲಿ ಐದೂವರೆ, ಮಗ ಆಫೀಸಿನಲ್ಲಿ. ಟೊರೊಂಟೊದಲ್ಲಿ ಆಗಷ್ಟೇ ಬೆಳಗು, ಮೊಮ್ಮಕ್ಕಳು ಶಾಲೆಯಲ್ಲಿ. ಭಾನುವಾರವೊಂದು ಸಿಕ್ಕೀತು. ಸಿಕ್ಕಿದರೂ ಇನ್ನೊಂದು ತೊಡಕು: ಅಜ್ಜಿಗೆ ಕೊಂಕಣಿ, ಮೊಮ್ಮಗನಿಗೆ ಇಂಗ್ಲಿಷ್. ಅಷ್ಟು ದೂರ ಯಾಕೆ, ಮಂಗಳೂರು ಪೇಟೆಯ ಫ್ಲಾಟುಗಳಲ್ಲೇ ಮಕ್ಕಳೊಡನೆ ಮನೆಯಲ್ಲಿ ಇಂಗ್ಲಿಷ್ ಆಡುವ ತಾಯ್ತಂದೆ ಬೇಕಾದಷ್ಟು. ದೇವರಿಗೆ ಇಂಗ್ಲಿಷ್ ಬರುತ್ತದೆ, ತೊಂದರೆ ಇಲ್ಲ. ಅಜ್ಜಿಗೆ ಬರುವುದಿಲ್ಲವಲ್ಲ! ಬೆಸಾಂವ್ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಪ್ರೊಟೆಸ್ಟಂಟರ ಕಥೆ ಸ್ವಲ್ಪ ಬೇರೆ. 1834ರಲ್ಲಿ ಬಂದ ಬಾಸೆಲ್ ಮಿಶನಿನವರು ಜಪಸರ ಕೊಟ್ಟವರಲ್ಲ, ಪುಸ್ತಕ ಕೊಟ್ಟವರು. 1843ರ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲರ ನಿಘಂಟು ಎಲ್ಲರಿಗೂ ಗೊತ್ತು, ಅದು ಇಡೀ ಕನ್ನಡಕ್ಕೇ ಸಂದ ಆಸ್ತಿ. ಅವರ ಮನೆಗಳೊಳಗೆ ದಾಟಿ ಬಂದದ್ದು ಕನ್ನಡ ಬೈಬಲು ಮತ್ತು ನಾಲ್ಕು ಸ್ವರದಲ್ಲಿ ಹಾಡುವ ಅಭ್ಯಾಸ. ಬೈಬಲಿನ ಮೊದಲ ಖಾಲಿ ಹಾಳೆಯಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ಪದ್ಧತಿ ಅನೇಕ ಮನೆಗಳಲ್ಲಿ ಇತ್ತು. ಕನ್ನಡ ಓದಲು ಬಾರದ ಮೊಮ್ಮಗ ಆ ಹಾಳೆಯನ್ನು ಇಟ್ಟುಕೊಂಡು ಏನು ಮಾಡಬೇಕು? ಅಲ್ಲೂ ಪ್ರಶ್ನೆ ಇದೇ ಬಂದು ನಿಲ್ಲುತ್ತದೆ.

ಕಲಿಸದೆಯೂ ದಾಟಿದ್ದು

ಹಿರಿಯರು ಬಿಟ್ಟದ್ದೆಲ್ಲ ಬಂಗಾರ ಅಂತಲ್ಲ. ಗೋವೆಯಿಂದ ಬರುವಾಗ ಗಂಟಿನಲ್ಲಿ ಜಾತಿಯೂ ಬಂತು. ಬಾಮಣ, ಚಾರೊಡಿ, ಸುದಿರ್ ಇತ್ಯಾದಿ. ಭಾನುವಾರದ ಕ್ಲಾಸಿನಲ್ಲಿ ಯಾವ ಟೀಚರೂ ಇದನ್ನು ಪಾಠ ಮಾಡುವುದಿಲ್ಲ. ಪೀಠದಿಂದ ಯಾವ ಗುರುಗಳೂ ಬೋಧಿಸುವುದಿಲ್ಲ. ಯೇಸುವಿನ ಮುಂದೆ ಎಲ್ಲರೂ ಒಂದೇ ಎಂದೇ ಪ್ರವಚನ. ಆದರೂ ಮದುವೆ ಪ್ರಸ್ತಾಪ ಬಂತೋ, ಹುಡುಗನ ಸಂಬಳ ಕೇಳಿದ ಮೇಲೆ ಮೆಲ್ಲಗೆ ಆ ಪ್ರಶ್ನೆ ಹೊರಗೆ ಬರುವ ಮನೆಗಳು ಇಂದಿಗೂ ಉಂಟು. ನಾನೂರು ವರ್ಷ ಹಳೆಯ ಜಪ ಮರೆತವನಿಗೂ ನಾನೂರು ವರ್ಷ ಹಳೆಯ ಜಾತಿ ಜ್ಞಾಪಕ ಇರುತ್ತದೆ. ಮನೆಯಲ್ಲಿ ಕಲಿತದ್ದು ಗಟ್ಟಿ ಎನ್ನುವುದಕ್ಕೆ ಇದಕ್ಕಿಂತ ಕೆಟ್ಟ ಸಾಕ್ಷಿ ಬೇಡ.

ಇನ್ನೊಂದು ಮಾತು. ತೇರ್ಸ್ ನಿಂತುಹೋಯಿತು ಅಂತ ಗೋಳಾಡುವ ಗಂಡಸರು ತಾವು ಮುಂದೆ ಕೂತು ಹೇಳಿಸಿದ್ದು ಎಷ್ಟು ಸಂಜೆ? ಈ ವಾರಸಿನ ಭಾರ ಹೊತ್ತವರು ಹೆಂಗಸರು. ಈಗ ಸೊಸೆಯಂದಿರೂ ದುಡಿಯಲು ಹೋಗುತ್ತಾರೆ, ಏಳು ಗಂಟೆಗೆ ಬಸ್ಸಿನಲ್ಲಿರುತ್ತಾರೆ. ಅವರು ಮನೆ ಮುಟ್ಟುವುದರೊಳಗೆ ಮಕ್ಕಳನ್ನು ಆಲ್ತಾರಿನೆದುರು ಕೂರಿಸಿದರೆ ಮಾವನ ಮೊಣಕಾಲು ಏನೂ ಸವೆದು ಹೋಗುವುದಿಲ್ಲ. ಚರ್ಚಿನ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬಂದಾಗ ದೂರು ಹೋಗುವುದು ಮಾತ್ರ 'ಈಗಿನ ತಾಯಂದಿರ' ಮೇಲೆ.

ಇನ್ನು ತೆನೆಯ ಪಾಡು. 1974ರ ಭೂಸುಧಾರಣೆಯಲ್ಲಿ ಗದ್ದೆ ಕಳೆದುಕೊಂಡವರೂ ಪಡೆದವರೂ ಕ್ರೈಸ್ತರಲ್ಲಿ ಇದ್ದರು. ಆಮೇಲೆ ಇಬ್ಬರೂ ಸೇರಿ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟರು, ರಬ್ಬರ್ ನೆಟ್ಟರು, ಪೇಟೆಯ ಹತ್ತಿರದವರು ಸೈಟು ಮಾಡಿದರು. ಸೆಪ್ಟೆಂಬರಿಗೆ ಏಣೆಲಿನ ತೆನೆ ಬೇಕೆಂದರೆ ಎಷ್ಟೋ ಕಡೆ ಬೇರೆ ಊರಿನಿಂದ ತರಿಸಬೇಕು. ಇದಕ್ಕೆಂದೇ ಕೆಲವು ಚರ್ಚುಗಳು ಸ್ವಂತ ಜಾಗದಲ್ಲಿ ಸಣ್ಣ ಗದ್ದೆ ಮಾಡಿಕೊಂಡಿವೆ. ಯುವಕ ಸಂಘದವರು ಮಳೆಗಾಲದಲ್ಲಿ ಕೆಸರಿಗಿಳಿದು ನೇಜಿ ನೆಡುತ್ತಾರೆ, ಸಣ್ಣ ಮಕ್ಕಳು ಬದುವಿನಲ್ಲಿ ಕುಣಿಯುತ್ತಾರೆ. ಅಕ್ಕಿ ಅಂಗಡಿಯಲ್ಲಿ ಬೆಳೆಯುತ್ತದೆ ಅಂದುಕೊಂಡ ಮಗುವಿಗೆ ಅಷ್ಟಾದರೂ ತಿಳಿಯುತ್ತದೆ.

ಬೆಳೆದ ತೆನೆಯನ್ನು ಕಳಿಸುವುದು ಕಷ್ಟವಾಗಿದೆ. ಪತ್ರ ಬರೆಯುವವರಿಲ್ಲ, ಲಕೋಟೆ ಇಲ್ಲ. ಕೊರಿಯರಿನಲ್ಲಿ ಹಾಕೋಣವೆಂದರೆ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಬೀಜ ಧಾನ್ಯ ಒಳಗೆ ಬಿಡುವ ಕಾನೂನು ಬಹಳ ಬಿಗಿ. ರೋಗ, ಹುಳ ಬರುತ್ತದೆಂಬ ಹೆದರಿಕೆಯಿಂದ ಮೊಳಕೆ ಬರುವ ಕಾಳನ್ನು ವಿಮಾನ ನಿಲ್ದಾಣದಲ್ಲೇ ಎತ್ತಿಡುತ್ತಾರೆ. ಸಾವಿರ ಮೈಲು ದಾಟಿ ಬರುವ ಉಪ್ಪಿನಕಾಯಿಗೆ ಸಿಗುವ ದಾರಿ ನಾಲ್ಕು ಕಾಳು ಭತ್ತಕ್ಕಿಲ್ಲ. ಹಾಗಾಗಿ ಹೊರಗಿನವರ ಪಾಲನ್ನು ಬೇರೆಯೇ ಕಟ್ಟಿ ಆಲ್ತಾರಿನಲ್ಲಿ ತೆಗೆದಿಡುವ ತಾಯಂದಿರಿದ್ದಾರೆ. ಮಗ ಸೊಸೆ ಮಕ್ಕಳು ಕ್ರಿಸ್ಮಸ್ ರಜೆಗೆ ಇಳಿದರೆ ಆಗ ಕಾಳು ಸುಲಿದು, ಹಾಲಿಗೆ ಹಾಕಿ, ವಯಸ್ಸಿನ ಕ್ರಮದಲ್ಲಿ ನಿಲ್ಲಿಸಿ ಕೊಡುತ್ತಾರೆ. ಡಿಸೆಂಬರಿಗೆ ಆ ಹೊಸ ಅಕ್ಕಿ ಹಳತಾಗಿರುತ್ತದೆ. ಆದರೂ ತಿನ್ನಿಸುತ್ತಾರೆ.